ಬ್ರೇಕಿಲ್ಲದ ದೋಣಿ

"ಚಕ್ರ ಇರಲಿ, ರೆಕ್ಕೆ ಇರಲಿ, ನನ್ನ ಕೈಗೆ ಬಂದ ಮೇಲೆ ಅದು ಕುರಿಮರಿ," ಎಂದು ಡ್ರೈವಿಂಗ್ ಮೇಷ್ಟ್ರು ರಜೆಯ ದಿನ ಬೆಳಿಗ್ಗೆ ಹೆಂಡತಿಯ ಮುಂದೆ ಘೋಷಿಸಿದರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮಹಾನುಭಾವರು. ಉಳಿದರ್ಧ ಜನ ಎದುರು ಸಾಲಿನ ಇನ್ನೊಂದು ಡ್ರೈವಿಂಗ್ ಸ್ಕೂಲಿಗೆ ಹೋದವರು. ಅವರನ್ನು ಮೇಷ್ಟ್ರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಲ್ಲಿನ ಮೇಡಂ ಕಲಿಯುವವರಿಗೆಲ್ಲ "ಗಾಬರಿ ಬೇಡ, ಎಲ್ಲರಿಗೂ ಮೊದಲ ದಿನ ಹೀಗೇ ಆಗುತ್ತೆ" ಎಂದು ಹೇಳುವುದು ಕಿಟಕಿಯಲ್ಲಿ ಕೇಳಿಬಂದಾಗಲೆಲ್ಲ ಇವರಿಗೆ ಮೈ ಉರಿಯುತ್ತಿತ್ತು. ಬೈಯದೆ ಕಲಿಸುವುದೂ ಒಂದು ಕಲಿಸುವುದೇ?

ಕಾರು ಮುಟ್ಟದೆ ಉಳಿದಿದ್ದವಳು ಸ್ವಂತ ಹೆಂಡತಿ ಮಾತ್ರ. "ನಿನಗೆ ಎಡ ಬಲ ತಿಳಿಯಲ್ಲ, ಸುಮ್ನೆ ಹೊಲಿಗೆ ಕ್ಲಾಸಿಗೆ ಹೋಗು" ಎಂದು ಮೇಷ್ಟ್ರು ಅಪ್ಪಣೆ ಕೊಡಿಸಿದ್ದರು. ಆಕೆ ಬೇಸಿಗೆಯಿಂದಲೂ ದಿನಾ ಮಧ್ಯಾಹ್ನ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಮನೆಗೆ ಇನ್ನೂ ಒಂದು ದಿಂಬಿನ ಚೀಲವೂ ಬಂದಿರಲಿಲ್ಲ.

ಎಲೆ ಹಳದಿಯಾಗಿ ಉದುರುವ ಕಾಲ. ಹಿನ್ನೀರಿನಲ್ಲಿ ಇಬ್ಬರು ಕೂರುವ ಕಯಾಕ್, ಅಂದರೆ ಮೇಲೆಲ್ಲ ಮುಚ್ಚಿ ಕೂರಲು ಎರಡು ಕಂಡಿ ಬಿಟ್ಟ ಉದ್ದನೆಯ ದೋಣಿ, ಬಾಡಿಗೆಗೆ ಸಿಗುತ್ತಿತ್ತು. ಕಾರು ನಿಲ್ಲಿಸಿ ಇಳಿಯುವಾಗ ಹೆಂಡತಿ ಕೇಳಿದಳು:

"ವಾಪಸ್ ಹೋಗುವಾಗ ನಾನು ಓಡಿಸ್ಲಾ?"

"ದೋಣಿ ಇವತ್ತು ನನ್ನ ಮಾತು ಕೇಳದೆ ಹೋದ್ರೆ ಕೀ ನಿನಗೇ. ಆಯ್ತಾ?"

"ಆಯ್ತು," ಎಂದಳು.

"ಸಾರ್, ಹಿಂದಿನ ಸೀಟಲ್ಲಿ ಕಾಲಿನ ಹತ್ರ..." ಎಂದು ದೋಣಿಯವನು ಶುರುಮಾಡಿದ.

"ನನಗೇ ಪಾಠನಾ? ಡ್ರೈವರ್ ಮುಂದೆ, ಪ್ಯಾಸೆಂಜರ್ ಹಿಂದೆ. ಅಷ್ಟು ಗೊತ್ತು," ಎಂದು ಮೇಷ್ಟ್ರು ಮುಂದಿನ ಸೀಟಿನಲ್ಲಿ ವಿರಾಜಮಾನರಾದರು. ಮಿಕ್ಕ ಪಾಠವನ್ನು ದೋಣಿಯವನು ಹೆಂಡತಿಗೆ ಹೇಳಿದ. ಹಿಂದಿನ ಪೆಡಲುಗಳಿಗೆ ಚುಕ್ಕಾಣಿ ಕಟ್ಟಿದೆ, ಒತ್ತಿದ ಕಡೆಗೆ ದೋಣಿ ತಿರುಗುತ್ತೆ. ಮುಂದಿರುವುದು ಬರೀ ಕಾಲಿಡುವ ಹಲಗೆ. ಆಕೆ ತಲೆಯಾಡಿಸಿದಳು.

ಮರಳದಿಬ್ಬದ ಮರೆಯಲ್ಲಿ ಹಿನ್ನೀರು ಅಲುಗದೆ ಮಲಗಿತ್ತು. ಮೇಷ್ಟ್ರು "ಎಡಕ್ಕೆ" ಎಂದು ಹುಟ್ಟು ಹಾಕಿದರೆ ದೋಣಿ ಎಡಕ್ಕೆ. "ಬಲಕ್ಕೆ" ಎಂದರೆ ಬಲಕ್ಕೆ. ತಿರುವಿನಲ್ಲಿ ನಿಂತಿದ್ದ ಕೊಕ್ಕರೆಯೊಂದಕ್ಕೆ, ಇದೇನು ನಿಲ್ಲುವ ಜಾಗವೇ ಎಂದು ಗದರಿಸಿದರು.

"ನೋಡಿದ್ಯಾ? ಕೈ ಅಂದ್ರೆ ಇದು."

"ನೋಡ್ತಾನೇ ಇದೀನಿ ರೀ," ಎಂದು ಹೆಂಡತಿ ಹಿಂದಿನಿಂದ ಪೆಡಲು ಒತ್ತಿದಳು.

ದಿಬ್ಬ ಮುಗಿದು ಕೊಲ್ಲಿ ತೆರೆದುಕೊಂಡಿತು. ಗಾಳಿ ಮೇಷ್ಟ್ರ ಟೋಪಿಯನ್ನೇ ಕೀಳುವಂತಿತ್ತು.

"ಗಾಳಿ ಜೋರಿದೆ, ಇಲ್ಲೇ ತಿರುಗಿಸೋಣ ರೀ."

"ಹೈವೇ ನೋಡಿ ಹೆದರೋನಲ್ಲ ನಾನು."

ಮಾತು ಬಾಯಲ್ಲಿದ್ದಾಗಲೇ ಪಕ್ಕದಿಂದ ಅಲೆಯೊಂದು ಎದ್ದು ಬಂತು. ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಇಡೀ ಆಯುಷ್ಯ ಬ್ರೇಕ್ ಒತ್ತಿದ ಕಾಲು ತಾನಾಗಿ ಕೆಲಸ ಮಾಡಿತು. ಮೇಷ್ಟ್ರು ಎರಡೂ ಕಾಲಿನಿಂದ ಹಲಗೆಯನ್ನು ತುಳಿದರು. ಫಟ್ ಎಂದು ಹಲಗೆ ಮುರಿಯಿತು. ಮೇಷ್ಟ್ರು ಸೊರ್ರನೆ ಜಾರಿ ದೋಣಿಯ ಹೊಟ್ಟೆ ಸೇರಿದರು. ಮೇಲೆ ಉಳಿದದ್ದು ಟೋಪಿ ಮತ್ತು ಮೀಸೆ. ಅವರ ಕೈಯ ಹುಟ್ಟು ತನ್ನ ಪಾಡಿಗೆ ತಾನು ಹೊರಟುಹೋಯಿತು.

"ಬ್ರೇಕ್ ಫೇಲು!"

"ದೋಣಿಗೆ ಬ್ರೇಕ್ ಎಲ್ಲಿರುತ್ತೆ ರೀ?"

"ಬಲಕ್ಕೆ! ಬಲಕ್ಕೆ!"

ದೋಣಿ ಎಡಕ್ಕೆ ತಿರುಗಿ, ಅಲೆಗೆ ಮೂಗು ಕೊಟ್ಟು, ಸಲೀಸಾಗಿ ಏರಿ ಇಳಿಯಿತು. ಮೇಷ್ಟ್ರಿಗೆ ನಿಜವಾಗಿ ಭಯವಾಯಿತು.

"ಅಯ್ಯೋ, ದೋಣಿ ನನ್ನ ಮಾತು ಕೇಳ್ತಿಲ್ಲ ಕಣೇ!"

"ಗಾಳೀಲಿ ಸರಿಯಾಗಿ ಕೇಳಿಸ್ಲಿಲ್ಲ," ಎಂದಳು ಹೆಂಡತಿ. "ಇನ್ನೊಂದ್ಸಲ ಹೇಳಿ."

ಮೇಷ್ಟ್ರಿಗೆ ಆಗ ಕಾರಿನ ಕೀ ನೆನಪಾಯಿತು. ಕೊಟ್ಟ ಮಾತು ಕೊಟ್ಟದ್ದೇ. ಹೆಂಡತಿ ಒಬ್ಬಳೇ ತನ್ನ ಕೈಯಲ್ಲಿದ್ದ ಇನ್ನೊಂದು ಹುಟ್ಟು ಹಾಕಿ, ಪೆಡಲು ಒತ್ತಿ, ಅವರನ್ನು ಸಾಮಾನಿನ ಮೂಟೆಯಂತೆ ದಡಕ್ಕೆ ತಂದಳು. ದೋಣಿಯವನು ಅವರನ್ನು ಎಳೆದು ತೆಗೆಯುವಾಗ, "ಅಮ್ಮ ಚೆನ್ನಾಗಿ ತಿರುಗಿಸಿದ್ರು ಸಾರ್," ಎಂದ. ಎಲ್ಲ ತಿರುವುಗಳ ನೆನಪೂ ಮೇಷ್ಟ್ರಿಗೆ ಒಟ್ಟಿಗೇ ಬಂತು. ಒದ್ದೆ ಜೇಬಿನಿಂದ ಕೀ ತೆಗೆದು ಕೊಟ್ಟರು.

"ಲೈಸೆನ್ಸ್ ಇಲ್ದೆ ಹೇಗೆ ಓಡಿಸ್ತೀಯ?"

"ಹೋದ ತಿಂಗಳೇ ಬಂತು."

ಆಕೆ ಕನ್ನಡಿ ಸರಿಮಾಡಿಕೊಂಡು, ಎರಡು ಕಾರುಗಳ ಸಂದಿಯಿಂದ ಒಂದೇ ಏಟಿಗೆ ರಿವರ್ಸ್ ತೆಗೆದಳು. ಪಕ್ಕದ ಸೀಟಿನಲ್ಲಿ ಮೇಷ್ಟ್ರ ಒದ್ದೆ ಕಾಲು ಇಲ್ಲದ ಬ್ರೇಕನ್ನು ಹುಡುಕಿ ಹುಡುಕಿ ತುಳಿಯುತ್ತಿತ್ತು.

"ಇದನ್ನೆಲ್ಲ ಯಾರೇ ಹೇಳಿಕೊಟ್ಟಿದ್ದು ನಿನಗೆ?"

ಹೆಂಡತಿ ಅವರ ಮೊಣಕಾಲನ್ನು ಮೆಲ್ಲಗೆ ತಟ್ಟಿದಳು.

"ಗಾಬರಿ ಬೇಡ ರೀ. ಎಲ್ಲರಿಗೂ ಮೊದಲ ದಿನ ಹೀಗೇ ಆಗುತ್ತೆ."