ಗುಂಡಣ್ಣನ ಪ್ರಸ್ಥಾನ

ಲಂಡನ್ನಿಗೆ ಹೊರಟಿದ್ದ ಗುಂಡಣ್ಣನ ತಾಪತ್ರಯ ಶುರುವಾದದ್ದು ಒಂದು ಲೋಟ ಕಾಫಿಯಿಂದ. ಆ ಕಾಫಿ ಕುಡಿಯಲು ಎದುರುಮನೆಯ ಸೂರ್ಯನಾರಾಯಣರಾಯರು ಬಾರದೇ ಹೋಗಿದ್ದರೆ ಅವನು ತನ್ನ ಪಾಡಿಗೆ ತಾನು ವಿಮಾನ ಹತ್ತಿಬಿಡುತ್ತಿದ್ದ.

ಗುಂಡಣ್ಣ ಚಳ್ಳಕೆರೆ ಕಡೆಯ ಹಳ್ಳಿಯವನು, ಕಂಬಳಿ ನೇಯುವವನು. ಲಂಡನ್ನಿನ ಒಂದು ಉಣ್ಣೆ ಮೇಳದವರು ಅವನ ಕರಿಕಂಬಳಿಯ ಫೋಟೊ ನೋಡಿ ಬೆರಗಾಗಿ, ಬಂದು ನೇಯ್ದು ತೋರಿಸು ಎಂದು ಟಿಕೆಟ್ಟನ್ನೇ ಕಳಿಸಿದ್ದರು. ಊರವರು ಡೊಳ್ಳು ಬಾರಿಸಿ ಬಸ್ಸು ಹತ್ತಿಸಿದ್ದರು. ಇವತ್ತಿನ ವಿಮಾನ ತಪ್ಪಿದರೆ ಇನ್ನೊಂದು ಟಿಕೆಟ್ ಕೊಡುವವರಿಲ್ಲ. ಡೊಳ್ಳು ಬಾರಿಸಿದವರಿಗೆ ಮುಖ ತೋರಿಸುವುದಂತೂ ಆಗದ ಮಾತು.

ದೆಹಲಿಯಲ್ಲಿ ಅವನು ಇಳಿದುಕೊಂಡಿದ್ದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಅಕ್ಕನ ಮಗಳು ವಾಸಂತಿಯ ಮನೆಯಲ್ಲಿ. ಬಂದಾಗಿನಿಂದ ಅವನ ಬಾಯಿ ಅರ್ಧ ತೆರೆದೇ ಇತ್ತು. ಬಾಲ್ಕನಿಯ ನೆತ್ತಿಯ ಮೇಲೆಯೇ ವಿಮಾನಗಳು ಸಂತೆಗೆ ಹೊರಟ ಎತ್ತಿನಗಾಡಿಗಳ ಹಾಗೆ ಒಂದರ ಹಿಂದೊಂದು ಹೋಗುತ್ತಿದ್ದವು. ಪ್ರತಿಯೊಂದಕ್ಕೂ ಅವನು ಎದ್ದು ನಿಲ್ಲುತ್ತಿದ್ದ.

ಭಾನುವಾರ ಬೆಳಗ್ಗೆ ಅವಳ ಎದುರುಮನೆಯಿಂದ ಕಾಫಿಗೆ ಬಂದ ರಾಯರು, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ವಿಚಾರಿಸಿದರು. ಮನೆ ಬಿಡುವುದು ಸಂಜೆ ಐದಕ್ಕೆ, ವಿಮಾನ ರಾತ್ರಿಗೆ ಎಂದ ಗುಂಡಣ್ಣ. ರಾಯರ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಭಾನುವಾರ ಸಂಜೆ ಐದಕ್ಕೆ. ಅಚ್ಛಾ. ನೆಟ್ಟಗೆ ರಾಹುಕಾಲದ ಬಾಯಿಗೇ ಹೋಗ್ತೀರಿ ಅನ್ನಿ."

"ರಾಹುಕಾಲ ಅಂತ ವಿಮಾನ ನಿಲ್ಸ್ತಾರಾ ಅಂಕಲ್?" ಎಂದು ವಾಸಂತಿ ಅಡುಗೆಮನೆಯಿಂದಲೇ ಕೇಳಿದಳು.

ರಾಯರ ಬಳಿ ಪರಿಹಾರವಿಲ್ಲದ ಸಮಸ್ಯೆಯೇ ಇರಲಿಲ್ಲ. ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಒಂದು ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಅಲ್ಲಿಗೆ ಪ್ರಯಾಣ ಶುರುವಾದಂತೆಯೇ ಲೆಕ್ಕ. ಆಮೇಲೆ ಮನುಷ್ಯ ಯಾವಾಗ ಹೊರಟರೂ ದೋಷವಿಲ್ಲ. ಇದಕ್ಕೆ ಪ್ರಸ್ಥಾನ ಇಡುವುದು ಅಂತಾರೆ, ಹಿಂದಿನವರು ಕಾಶಿಗೆ ಹೋಗುವಾಗ ಹೀಗೇ ಮಾಡುತ್ತಿದ್ದರು ಎಂದು ವಿವರಿಸಿ, ತಮ್ಮ ಮನೆಯಿಂದ ಒಂದು ಹಳದಿ ಬಟ್ಟೆಯ ಚೀಲ ತಂದರು. ಅದು ಅವರ ಮಗಳು ಲಾವಣ್ಯಾಳ ಮದುವೆಯ ತಾಂಬೂಲದ ಚೀಲ. ಮದುವೆಗೆ ಬಂದವರಿಗಿಂತ ಚೀಲಗಳೇ ಹೆಚ್ಚಾಗಿ, ರಾಯರ ಮನೆಯಲ್ಲಿ ತರಕಾರಿಯಿಂದ ಹಿಡಿದು ಔಷಧಿಯವರೆಗೆ ಎಲ್ಲವೂ ಆ ಚೀಲದಲ್ಲೇ ಓಡಾಡುತ್ತಿದ್ದವು.

ಗುಂಡಣ್ಣ ಒಂದು ಪಂಚೆ ತಂದ. ರಾಯರು ತಲೆಯಾಡಿಸಿದರು.

"ಪಂಚೆ ಸಾಲದು. ಯಾವುದು ಇಲ್ದಿದ್ರೆ ಪ್ರಯಾಣವೇ ಸಾಗೋದಿಲ್ವೋ ಅದನ್ನ ಇಡ್ಬೇಕು."

ಗುಂಡಣ್ಣ ಪ್ರಾಮಾಣಿಕವಾಗಿ ಯೋಚಿಸಿ, ಪಾಸ್‌ಪೋರ್ಟು ತಂದು ಪಂಚೆಯೊಳಗೆ ಸುತ್ತಿಟ್ಟ. ರಾಯರು ಚೀಲದ ಬಾಯಿಗೆ ಗಂಟು ಹಾಕಿ, ವಿಮಾನ ನಿಲ್ದಾಣದ ಬಾಗಿಲು ಮುಟ್ಟುವವರೆಗೂ ಬಿಚ್ಚಬಾರದು ಎಂದು ಎಚ್ಚರಿಸಿ, ದೇವರ ಉತ್ಸವಮೂರ್ತಿಯನ್ನು ಹೊತ್ತವರಂತೆ ಎತ್ತಿಕೊಂಡು ಹೋದರು.

ಊಟಕ್ಕೆ ಕೂತಾಗ ವಿಷಯ ತಿಳಿದ ವಾಸಂತಿ ಹುಳಿಯ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದುರುಮನೆಗೆ ಓಡಿದಳು. ಬೀಗ. ಫೋನು ಮಾಡಿದರೆ ರಾಯರು ಪೀತಮ್‌ಪುರದಲ್ಲಿ ಮಗಳ ಮನೆಯ ಪೂಜೆಯಲ್ಲಿದ್ದರು. ಚೀಲವೂ ಅಲ್ಲೇ ಇತ್ತು. ಲಂಡನ್ ಇರುವುದು ವಾಯುವ್ಯಕ್ಕೆ, ಪೀತಮ್‌ಪುರವೂ ವಾಯುವ್ಯಕ್ಕೆ, ಹಾಗಾಗಿ ಇನ್ನಷ್ಟು ಶ್ರೇಷ್ಠ ಎಂದು ಅವರು ಸಂತೋಷದಿಂದ ಹೇಳಿದರು. ಕೂಡಲೇ ವಾಪಸು ತನ್ನಿ ಎಂದಾಗ ಮಾತ್ರ ಅವರ ಧ್ವನಿ ಗಡುಸಾಯಿತು. ಇಟ್ಟ ಪ್ರಸ್ಥಾನ ಹಿಂದಕ್ಕೆ ಬರುವಂತಿಲ್ಲ, ಹೊರಟವರೇ ಅದರ ಬಳಿಗೆ ಬರಬೇಕು.

ವಾಸಂತಿ ಜೊತೆಗೆ ಹೊರಟಳು. ಗುಂಡಣ್ಣ ಒಪ್ಪಲಿಲ್ಲ. "ಒಬ್ನೇ ಲಂಡನ್ನಿಗೆ ಹೋಗೋನು ಕಣಮ್ಮ ನಾನು, ಪೀತಮ್‌ಪುರಕ್ಕೆ ಹೋಗಕ್ಕಾಗಲ್ವಾ? ನೀನು ಪೆಟ್ಟಿಗೆ ತಗೊಂಡು ಸೀದಾ ಏರ್‌ಪೋರ್ಟಿಗೆ ಬಾ."

ಮೆಟ್ರೊ ನಿಲ್ದಾಣದಲ್ಲಿ ನೆಲವೇ ಅವನನ್ನು ಹೊತ್ತು ಪಾತಾಳಕ್ಕಿಳಿಸಿತು. ರೈಲಿನ ಮೊದಲ ಡಬ್ಬಿಯ ಗಾಜಿನ ಬಳಿ ನಿಂತು ಡ್ರೈವರನ್ನು ಹುಡುಕಿದರೆ ಡ್ರೈವರೇ ಇಲ್ಲ. ಕತ್ತಲೆಯ ಸುರಂಗ ಮಾತ್ರ ದೀಪ ಹಚ್ಚಿಕೊಂಡು ಎದುರಿಗೆ ಬರುತ್ತಿತ್ತು. ಗುಂಡಣ್ಣನ ಕೈಗಳು ತಾವಾಗಿ ಕೂಡಿಕೊಂಡವು. ಪಕ್ಕದಲ್ಲಿದ್ದ ಮುದುಕನೊಬ್ಬ, ದೇವರಿರುವುದು ಆ ಕಡೆ ಇರಬೇಕೆಂದುಕೊಂಡು, ತಾನೂ ಕೈ ಮುಗಿದ. ಕೈ ಮುಗಿಯುತ್ತಿರುವಾಗಲೇ ಇಳಿಯಬೇಕಾದ ಹೌಜ್ ಖಾಸ್ ಹಿಂದಾಯಿತು. ಮರಳಿ ಬಂದು ಬೇರೆ ರೈಲು ಹಿಡಿದ. ಕಶ್ಮೀರಿ ಗೇಟಿನಲ್ಲಿ ಜನರ ಪ್ರವಾಹ ಅವನನ್ನು ಕುರಿಮಂದೆಯಂತೆ ನೂಕಿಕೊಂಡು ಹೋಗಿ, ಅವನ ಪುಣ್ಯಕ್ಕೆ ಸರಿಯಾದ ರೈಲಿನೊಳಗೇ ತುಂಬಿತು. ಇಷ್ಟೊಂದು ಜನ ಒಬ್ಬರನ್ನೊಬ್ಬರು ತುಳಿಯದೆ ಬದುಕಿದ್ದಾರಲ್ಲ ಎಂಬ ಬೆರಗಿನಲ್ಲಿ ಅವನಿಗೆ ಬೆವರು ಒರೆಸಿಕೊಳ್ಳುವುದೂ ಮರೆತುಹೋಯಿತು.

ಪೀತಮ್‌ಪುರದ ಮನೆಯಲ್ಲಿ ಗದ್ದಲವೋ ಗದ್ದಲ. ಲಾವಣ್ಯಾಳ ಮೈದುನ ಮನೋಜನನ್ನು ಪರದೇಶಕ್ಕೆ ಕಳಿಸಲೆಂದೇ ಪೂಜೆ ಇಟ್ಟುಕೊಂಡಿದ್ದರು. ಅವನು ಮಧ್ಯಾಹ್ನವೇ ಹೊರಟುಹೋಗಿದ್ದರೂ ಉಪಚಾರ ಮುಗಿದಿರಲಿಲ್ಲ. ಊಟ ಮಾಡದೆ ಹೋದರೆ ಹೇಗೆ ಎಂದು ಒಬ್ಬರು ಎಲೆಯ ಮುಂದೆ ಕೂರಿಸಿದರು, ಲಂಡನ್ನಿನಲ್ಲಿ ಇಂಥದ್ದು ಸಿಕ್ಕುವುದಿಲ್ಲ ಎಂದು ಇನ್ನೊಬ್ಬರು ಪಾಯಸ ಬಡಿಸಿದರು. ಕೊನೆಗೆ ರಾಯರು ದೇವರ ಮುಂದಿನಿಂದ ಹಳದಿ ಚೀಲ ತಂದು, ಮೂರು ಸಲ ನಿವಾಳಿಸಿ ಅವನ ಕೈಗಿತ್ತರು.

"ಚಲೋ, ಇನ್ನು ಹಿಂದಿರುಗಿ ನೋಡ್ಬೇಡಿ."

ಗುಂಡಣ್ಣ ನೋಡಲೂ ಇಲ್ಲ, ಗಂಟು ಬಿಚ್ಚಲೂ ಇಲ್ಲ. ಚೀಲವನ್ನು ಆಗತಾನೇ ಹುಟ್ಟಿದ ಕುರಿಮರಿಯ ಹಾಗೆ ಎದೆಗವಚಿಕೊಂಡು, ದಾರಿ ಕೇಳಿ ಕೇಳಿ, ವಿಮಾನ ನಿಲ್ದಾಣದ ರೈಲು ಹಿಡಿದ.

ನಿಲ್ದಾಣ ಕಂಡಾಗ ಅವನ ಕಾಲೇ ಮುಂದೆ ಸಾಗಲಿಲ್ಲ. ಅವನ ಊರು, ಊರ ಕೆರೆ, ಆಚೆಯ ಗುಡ್ಡ ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟು ಮೇಲೆ ಜಾಗ ಉಳಿಯುವಂತಿತ್ತು. ಇಷ್ಟು ದೊಡ್ಡದು ಬರಿಯ ಬಾಗಿಲಾದರೆ ಲಂಡನ್ ಇನ್ನೆಷ್ಟಿರಬೇಕು! ವಾಸಂತಿ ಪೆಟ್ಟಿಗೆ ಹಿಡಿದು ಕಾಯುತ್ತಿದ್ದಳು. ಹೊತ್ತು ಇನ್ನೂ ಇತ್ತು. ಎದುರು ಬಂದ ರಾಹುಕಾಲವೂ ಏನೂ ಮಾಡದೆ ಕಳೆದುಹೋಗಿತ್ತು. ಗುಂಡಣ್ಣನ ಎದೆ ಹಗುರಾಯಿತು.

ಬಾಗಿಲಲ್ಲಿ ಬಂದೂಕು ಹಿಡಿದು ಕಾವಲು ನಿಂತ ಜವಾನ ಪಾಸ್‌ಪೋರ್ಟ್ ಕೇಳಿದ. ಗುಂಡಣ್ಣ ಗಂಭೀರವಾಗಿ ಗಂಟು ಬಿಚ್ಚಿ ಚೀಲದ ಬಾಯಿ ಅಗಲಿಸಿದ.

ಒಳಗೆ ಚಟ್ನಿಪುಡಿ ಇತ್ತು. ಅದರ ಕೆಳಗೆ ಕೋಡುಬಳೆ ಇತ್ತು. ಅದರ ಕೆಳಗೆ ಇನ್ನೂ ಒಂದು ಪೊಟ್ಟಣ ಚಟ್ನಿಪುಡಿ ಇತ್ತು. ಜವಾನ ಮೂಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಸೀನಿದ.

ವಾಸಂತಿ ಲಾವಣ್ಯಾಳಿಗೆ ಫೋನು ಹಚ್ಚಿದಳು. ಅವಳು ದೇವರ ಮುಂದೆ ಹೋಗಿ ನೋಡಿಬಂದಳು. ಆಮೇಲೆ ಲಾವಣ್ಯಾ ಮೆಲ್ಲಗೆ ಹೇಳಿದಳು. ಪರದೇಶದಲ್ಲಿರುವ ನಾದಿನಿಗೆಂದು ಅವಳೂ ಒಂದು ಹಳದಿ ಚೀಲ ಕಟ್ಟಿ ದೇವರ ಮುಂದೆಯೇ ಇಟ್ಟಿದ್ದಳಂತೆ. ಮನೋಜ ಅವಸರದಲ್ಲಿ ಕೈಗೆ ಸಿಕ್ಕಿದ ಚೀಲ ಎತ್ತಿಕೊಂಡು ಹೋಗಿದ್ದ. ಅವನ ವಿಮಾನ ಆಗಲೇ ಮೇಲೇರಿತ್ತು. ಲಂಡನ್ನಿಗಲ್ಲ, ಟೊರಾಂಟೊಗೆ.

ಗುಂಡಣ್ಣ ಪೆಟ್ಟಿಗೆಯ ಮೇಲೆ ಕುಸಿದ. ತಲೆಯ ಮೇಲೆ ಒಂದು ವಿಮಾನ ಹೊಟ್ಟೆಯ ದೀಪ ಮಿನುಗಿಸುತ್ತ ಏರಿಹೋಯಿತು. ಅಂಥ ಸಂಕಟದಲ್ಲೂ ಅವನು ಎದ್ದು ನಿಂತು ನೋಡಿದ.

ಅಷ್ಟರಲ್ಲಿ ರಾಯರು ಮಗಳ ಕೈಯಿಂದ ಫೋನು ತೆಗೆದುಕೊಂಡಿದ್ದರು. ಅವರ ಧ್ವನಿಯಲ್ಲಿ ಭಕ್ತಿ ತುಂಬಿತ್ತು.

"ಗುಂಡಣ್ಣನವರೇ, ಇಷ್ಟು ವರ್ಷ ಎಷ್ಟೋ ಜನರಿಗೆ ಪ್ರಸ್ಥಾನ ಇಡಿಸಿದ್ದೀನಿ. ಎಲ್ಲರದ್ದೂ ಎದುರುಮನೆ ತನಕ ಹೋಗಿದ್ದೇ ಹೆಚ್ಚು. ನಿಮ್ಮದು ಲಂಡನ್ನನ್ನೂ ದಾಟಿ ಮುಂದಕ್ಕೆ ಹೋಗ್ತಾ ಇದೆ. ಮುಹೂರ್ತ ಅಂದ್ರೆ ಇದು. ಇನ್ನು ನೀವು ಹೊರಡೋದೊಂದೇ ಬಾಕಿ."