ಬೋಟು ಬಂದ್ ಇದ್ದಾಗ ಬಾಯಿ ರಿಪೇರಿ

ನನ್ನ ಮೇಲುಸಾಲಿನ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟು ಹೊರಟುಹೋಗಿ, ಕೊನೆಗೆ ಕೆಲವು ಮೊಂಡು ಬೇರುಗಳಷ್ಟೇ ಉಳಿದಾಗ ನಾನೊಂದು ಐತಿಹಾಸಿಕ ತೀರ್ಮಾನ ಕೈಗೊಂಡೆ. ಆಪರೇಷನ್ ಮಾಡಿಸಿಕೊಳ್ಳುವುದೇ ಸೈ, ಆದರೆ ಜೂನ್ ತಿಂಗಳಲ್ಲಿ! ಮಳೆ ಹಿಡಿದ ಮೇಲೆ ಜುಲೈ ಮುಗಿಯುವವರೆಗೆ ನಮ್ಮ ಕರಾವಳಿಯಲ್ಲಿ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನುಪೇಟೆ ಭಣಭಣ. ಆಗ ವಸಡು ಕೊಯ್ಸಿಕೊಂಡರೆ ಆಗಸ್ಟಿನಲ್ಲಿ ಬೋಟು ಹೊರಡುವುದಕ್ಕೂ ನನ್ನ ಹೊಸ ಹಲ್ಲಿನ ಸೆಟ್ಟು ಕೂರುವುದಕ್ಕೂ ಸರಿಹೋಗುತ್ತದೆ. ಋತುವಿನ ಮೊದಲ ಬಂಗಡೆಗೆ ಹೊಸ ಹಲ್ಲಿನ ಮೊದಲ ಕಡಿತ! ಇಂಥ ಯೋಜನೆ ಇಡೀ ಅಂಕೋಲೆಯಲ್ಲಿ ಇನ್ನಾರ ತಲೆಗಾದರೂ ಹೊಳೆದೀತೇ?

"ಎಲ್ಲರೂ ಪಂಚಾಂಗ ನೋಡಿ ಮುಹೂರ್ತ ಇಡ್ಸ್ತ್ರು, ನೀವು ಮೀನುಪೇಟೆ ನೋಡಿ ಇಟ್ರಿ" ಎಂದಳು ಹೆಂಡತಿ ಗೋದಾವರಿ. ಹೊಗಳಿಕೆ ಎಂದೇ ತಿಳಿದುಕೊಂಡೆ.

ಕಾರವಾರದ ಹಲ್ಲಿನ ದವಾಖಾನೆಗೆ ಹೋದರೆ ಬೆಂಚಿನ ಮೇಲೆ ಕೂರಲು ಜಾಗವಿಲ್ಲ. ನಮ್ಮ ಮನೆಗೆ ತೆಂಗಿನಕಾಯಿ ಕೊಯ್ಯಲು ಬರುವ ಬೆಳಂಬಾರದ ಸುಬ್ಬ ಕೆನ್ನೆ ಹಿಡಿದುಕೊಂಡೇ ಸರಿದು ಜಾಗ ಮಾಡಿಕೊಟ್ಟ.

"ನೀವೂ ಬೋಟ್ ಬಂದ್ ಆಗ್ಲಿ ಅಂತ ಕಾದ್ರಾ ರಾಮನಾಥಣ್ಣ? ಇಲ್ಲಿ ಕೂತವ್ರೆಲ್ಲ ಅದೇ ಲೆಕ್ಕದವ್ರು."

ನನ್ನ ಯೋಜನೆಯ ಅನನ್ಯತೆ ಅಲ್ಲೇ ಬೆಂಚಿನ ಕೆಳಗೆ ಬಿತ್ತು. ಕೇಳಿದರೆ, ಜೂನ್ ಬಂತೆಂದರೆ ಈ ಡಾಕ್ಟರಿಗೆ ಊಟಕ್ಕೂ ಪುರುಸೊತ್ತಿಲ್ಲವಂತೆ!

ಡಾಕ್ಟರ್ ನೀತಾ ಅಲ್ಲೇ ಹತ್ತಿರದ ಹಣಕೋಣದವರು, ಮೀನು ತಿಂದೇ ಬೆಳೆದವರು. ಆಳೆತ್ತರವೇನೂ ಇಲ್ಲ; ಬೆಳ್ಳುಳ್ಳಿ ಎಸಳಿನಂಥ ಬೆರಳುಗಳು. ನನ್ನ ಬಾಯೊಳಗೆ ಇಣುಕಿ ನೋಡಿ, ಹಲ್ಲು ಹೋದ ಕಡೆಯಲ್ಲೆಲ್ಲ ಮೂಳೆ ಏರುತಗ್ಗಾಗಿ ಚೂಪಾಗಿ ನಿಂತಿದೆ, ಅದರ ಮೇಲೆ ಸೆಟ್ಟು ಕೂರಿಸಿದರೆ ಅಲ್ಲಾಡುತ್ತದೆ, ಚುಚ್ಚುತ್ತದೆ ಎಂದರು. ಬೇರು ಕಿತ್ತು, ಮೂಳೆಯನ್ನು ಅರದಿಂದ ಉಜ್ಜಿ ಸಮ ಮಾಡಿ, ವಸಡು ಮುಚ್ಚಿ ಹೊಲಿಗೆ ಹಾಕಬೇಕು. ಗಾಯ ಪೂರ್ತಿ ಮಾಗಿದ ಮೇಲೆಯೇ ಅಳತೆ. ಮಾಗುವುದರಲ್ಲಿ ಎಡವಟ್ಟಾದರೆ ಸೆಟ್ಟೂ ಮುಂದಕ್ಕೆ, ಅಂದರೆ ನನ್ನ ಬಂಗಡೆಯೂ ಮುಂದಕ್ಕೆ.

ಕುರ್ಚಿಯಲ್ಲಿ ಮಲಗಿಸಿ, ನೋವಾದರೆ ಎಡಗೈ ಎತ್ತಿ ಎಂದರು. ತಕ್ಷಣ ಎತ್ತಿದೆ.

"ಅಂಕಲ್, ನಾನಿನ್ನೂ ಗ್ಲೌಸ್ ಹಾಕ್ತಾ ಇದ್ದೇನೆ."

ಆಮೇಲೆ ನಡೆದದ್ದನ್ನು ಏನೆಂದು ಬಣ್ಣಿಸಲಿ! ಮರಗಟ್ಟಿದ ಬಾಯೊಳಗೆ ಕರಕರ ಸದ್ದು ಕೇಳುತ್ತಿತ್ತು, ಯಾರದೋ ಮನೆಯ ಬಾಗಿಲಿಗೆ ಆಚಾರಿ ಅರ ಹಾಕುತ್ತಿದ್ದಾನೇನೋ ಎನ್ನುವಷ್ಟು ದೂರದಲ್ಲಿ. ನೋವು ಮಾತ್ರ ಎಳ್ಳಷ್ಟೂ ಇಲ್ಲ. ನಡುನಡುವೆ ಆ ಪುಟ್ಟ ಬೆರಳು ವಸಡಿನ ಮೇಲೆ ಮೆಲ್ಲಗೆ ಹರಿದು, ಎಲ್ಲಿ ಏರು ಎಲ್ಲಿ ತಗ್ಗು ಎಂದು ಕಣ್ಣುಮುಚ್ಚಿ ಓದಿದಂತೆ ಓದಿ, ಮತ್ತೆ ಉಜ್ಜುತ್ತಿತ್ತು. ನಮ್ಮೂರಿನ ರಸ್ತೆಯನ್ನು ಈಕೆಗೆ ಗುತ್ತಿಗೆ ಕೊಟ್ಟಿದ್ದರೆ ನನ್ನ ಸ್ಕೂಟರಿನ ಆಯುಷ್ಯ ಇಮ್ಮಡಿಯಾಗುತ್ತಿತ್ತು! ಹೊಲಿಗೆಯಂತೂ ಎಷ್ಟು ಅಚ್ಚುಕಟ್ಟೆಂದರೆ, ಅದನ್ನು ಬಾಯೊಳಗೆ ಮುಚ್ಚಿಡಬೇಕಲ್ಲ ಎಂದು ನನಗೇ ಬೇಸರವಾಯಿತು.

ಮನೆಗೆ ಕಳಿಸುವಾಗ ಡಾಕ್ಟರದು ಒಂದೇ ಕಟ್ಟಪ್ಪಣೆ: ಆರಿದ ಗಂಜಿ, ಅದೂ ನುಣ್ಣಗೆ. ಬೇರೇನೂ ಒಳಗೆ ಹೋಗಕೂಡದು.

ನನ್ನ ಮಹಾಯೋಜನೆಯ ತೂತು ಗೊತ್ತಾದದ್ದು ಆಮೇಲೆ. ಪೇಟೆ ಬಂದ್ ಆಗಿರಬಹುದು, ಅಟ್ಟ ಬಂದ್ ಆಗಿರುತ್ತದೆಯೇ? ಮಳೆಗಾಲಕ್ಕೆಂದು ಒಣಗಿಸಿಟ್ಟ ಬಂಗಡೆ ಇಲ್ಲದ ಮನೆ ನಮ್ಮ ಕಡೆ ಯಾವುದಿದೆ? ಹೊರಗೆ ಜಡಿಮಳೆ, ಅಕ್ಕಪಕ್ಕದ ಮನೆಗಳಲ್ಲೆಲ್ಲ ಕೆಂಡದ ಮೇಲೆ ಒಣಬಂಗಡೆ. ಆ ಪರಿಮಳಕ್ಕೆ ಕಾಂಪೌಂಡಿನ ಹಂಗೇ ಇಲ್ಲ!

ಗೋದಾವರಿಯೋ, ಮಹಾತಾಯಿ. ತಾನೂ ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಉಂಡಳು. ಒಣಮೀನಿನ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ನೀನಾದರೂ ತಿನ್ನು ಎಂದು ಕೈಸನ್ನೆ ಮಾಡಿದರೆ, "ನೀವು ಹೀಂಗೆ ಬಾಯ್ ಬಿಟ್ಕಂಡಿ ನೋಡ್ತಾ ಕೂತ್ರೆ ನಂಗೆ ಗಂಟಲಲ್ಲಿ ಇಳೂದಾ?" ಎಂದಳು. ಇಂಥ ತ್ಯಾಗಮಯಿಗೆ ನಾನು ಕೊಟ್ಟ ಪ್ರತಿಫಲ ಕೇಳಿ.

ಒಂದು ಮಧ್ಯಾಹ್ನ ಅವಳು ಶೆಟಗೇರಿಯ ತವರಿಗೆ ಹೋದಳು. ಬಸ್ಸಿನ ಸದ್ದು ಅಡಗುವ ಮುನ್ನ ನಾನು ಸ್ಟೂಲಿನ ಮೇಲಿದ್ದೆ. ಒಂದೇ ಒಂದು ಬಂಗಡೆ. ಗ್ಯಾಸಿನ ಮೇಲೆ ಸುಟ್ಟು, ಕನ್ನಡಕ ಏರಿಸಿ ಮುಳ್ಳನ್ನೆಲ್ಲ ಆರಿಸಿ, ಬೆರಳಲ್ಲಿ ಹಿಸುಕಿ, ಗಂಜಿಗೆ ಕಲಸಿದೆ. ಜಗಿಯಲಿಲ್ಲ, ನುಂಗಿದೆ. ಡಾಕ್ಟರ ಮಾತಿನ ಶಬ್ದಕ್ಕೆ ಭಂಗ ಬಂದಿರಬಹುದು, ಆಶಯಕ್ಕಲ್ಲ! ಸ್ವರ್ಗದ ಬಾಗಿಲು ಅರ್ಧ ತೆರೆದಿತ್ತು, ಮೇಲು ವಸಡಿನಲ್ಲಿ ಚುಳ್ ಎಂದಿತು.

ಕಿಟಕಿಗಳನ್ನೆಲ್ಲ ತೆರೆದು ಒಂದು ಕಟ್ಟು ಊದುಬತ್ತಿ ಹಚ್ಚಿದೆ. ಸಂಜೆ ಬಂದ ಗೋದಾವರಿ ಮೂಗರಳಿಸಿ, ಇವತ್ತು ಎಂತ ವಿಶೇಷ ಎಂದು ಕೇಳಿದಳು. ಮಾತಾಡಿದರೆ ಹೊಲಿಗೆ ಎಳೆಯುತ್ತದೆಂಬ ನೆಪದಲ್ಲಿ ಗಣಪತಿಯ ಪಟ ತೋರಿಸಿದೆ. ಅವಳು ಪಟವನ್ನೂ ನನ್ನನ್ನೂ ನೋಡಿ ಕೈಕಾಲು ತೊಳೆಯಲು ಹೋದಳು.

ಬೆಳಗಾಗುವಷ್ಟರಲ್ಲಿ ಕೆನ್ನೆ ಇಡ್ಲಿಯಂತೆ ಉಬ್ಬಿತ್ತು. ಗೋದಾವರಿಯೇ ಕಾರವಾರದ ಬಸ್ಸು ಹತ್ತಿಸಿ ತಾನೂ ಹತ್ತಿದಳು. ಡಾಕ್ಟರ್ ನೀತಾ ದೀಪ ಹಿಡಿದು ನೋಡಿದರು. ಒಂದು ಹೊಲಿಗೆ ಬಿಚ್ಚಿದೆ, ಗಾಯ ಬಾಯ್ದೆರೆದಿದೆ, ಇನ್ನು ಅಳತೆಯ ಮಾತೇನಿದ್ದರೂ ಚೌತಿ ಕಳೆದ ಮೇಲೆ ಎಂದರು. ನನ್ನ ಆಗಸ್ಟ್ ಕಣ್ಣೆದುರೇ ಮುಳುಗಿತು. ಬಳಿಕ ಚಿಮಟದಿಂದ ಏನನ್ನೋ ಎಳೆದು ಸ್ಟೀಲಿನ ತಟ್ಟೆಗೆ ಹಾಕಿದರು. ಬೆಳ್ಳಗೆ, ಸಪೂರ, ತುದಿಯಲ್ಲಿ ತುಸು ಬಾಗಿದ್ದು.

ಅವರು ಅದನ್ನು ನೋಡಿದರು. ನನ್ನನ್ನು ನೋಡಿದರು. ನಾನು ಕಣ್ಣಿನಲ್ಲೇ ಸಾಷ್ಟಾಂಗ ನಮಸ್ಕಾರ ಹಾಕಿದೆ. ಹಣಕೋಣದ ಮಗಳಿಗೆ ಮೀನಿನ ಮುಳ್ಳು ಗೊತ್ತಾಗದೆ ಇರುತ್ತದೆಯೇ? ಆದರೂ ಆ ಪುಣ್ಯಾತ್ಗಿತ್ತಿ ಮುಖದ ಒಂದು ಗೆರೆಯೂ ಅಲ್ಲಾಡದಂತೆ ಗೋದಾವರಿಯ ಕಡೆ ತಿರುಗಿದರು.

"ಹೆದರಬೇಡಿ ಆಂಟಿ. ಇಂಥ ಆಪರೇಷನ್ ಆದ ಮೇಲೆ ಕೆಲವರಿಗೆ ಒಳಗಿಂದ ಮೂಳೆ ಚೂರು ಎದ್ದು ಬರ್ತದೆ. ಅಂಕಲ್ ಅವರದೇ ಮೂಳೆ."

ಜನ್ಮದಲ್ಲಿ ಯಾರ ಮೇಲೂ ನನಗೆ ಅಷ್ಟು ಗೌರವ ಹುಟ್ಟಿರಲಿಲ್ಲ. ಗೋದಾವರಿ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಮೂಗಿನ ಹತ್ತಿರ ತಂದಳು, ಮೆಲ್ಲಗೆ ಕೆಳಗಿಟ್ಟಳು.

"ಇರಬೌದು ಡಾಕ್ಟ್ರೇ. ಆದ್ರೆ ಈ ಮೂಳೆಗೆ ಉಪ್ಪು ಹಾಕಿ, ಮೇ ತಿಂಗ್ಳ ಬಿಸ್ಲಲ್ಲಿ ಒಣಗ್ಸಿದವಳು ನಾನೇ."