ಕುರ್ಚಿ ಹಿಡಿದ ಟವೆಲ್

"ಇನ್ನು ಈ ಮನೆಯಲ್ಲಿ ಜಗಳವೇ ಇರಲ್ಲ ಅತ್ತಿಗೆ," ಎಂದು ಪಂಪಾಪತಿ ಕುರ್ಚಿಯ ಬೆನ್ನಿಗೆ ಬಿಗಿದಿದ್ದ ಡಬ್ಬಿಯನ್ನು ತಟ್ಟಿದ. "ಯುನಿಕ್ಸ್ ಕಂಪ್ಯೂಟರ್ ಎಲ್ಲರದು. ಪ್ರಿಂಟರು, ಸ್ಪೀಕರು ಮಾತ್ರ ಕುರ್ಚಿಯಲ್ಲಿ ಕೂತವರದು. ಅವರಾಗಿ ಬಿಟ್ಟುಕೊಡೋತನಕ ಬೇರೆಯವರಿಗೆ ಸಿಗಲ್ಲ. ಕೂತವರು ಯಾರು ಅಂತ ಈ ಡಬ್ಬಿ ಮೈವಾಸನೆಯಲ್ಲೇ ಹಿಡಿಯುತ್ತೆ. ನಾನು ರೂಟ್, ಅಂದರೆ ಎಲ್ಲರಿಗೂ ಮೇಲಿನವನು."

ಮೈದುನನ ಹಿಂದಿನ ಯಂತ್ರ ಹಾಲು ಕಾಯಿಸಲು ಹೋಗಿ ಕಿಟಕಿ ಪರದೆ ಸುಟ್ಟಿತ್ತು. ಅದನ್ನು ನೆನಪಿಸಲೂ ಸರ್ವಮಂಗಳಾಗೆ ಪುರುಸೊತ್ತಿರಲಿಲ್ಲ. ಹಂಚಿನ ಮೇಲೆ ರೊಟ್ಟಿ. ಹತ್ತಕ್ಕೆ ಮಗಳು ಚಿನ್ಮಯಿಗೆ ಪರೀಕ್ಷೆ. ಈಗಾಗಲೇ ಎಂಟೂ ಮುಕ್ಕಾಲು, ಹಾಲ್ ಟಿಕೆಟ್ ಇನ್ನೂ ಪ್ರಿಂಟಾಗಿಲ್ಲ.

ಚಿನ್ಮಯಿ ನಿಂತುಕೊಂಡೇ ಪ್ರಿಂಟ್ ಒತ್ತಿದಳು.

"ಕ್ಷಮಿಸಿ, ರುದ್ರಮುನಿಯವರು ಕೂತಿದ್ದಾರೆ," ಎಂದಿತು ಡಬ್ಬಿ.

ಕುರ್ಚಿಯಲ್ಲಿದ್ದದ್ದು ಮಾವ ರುದ್ರಮುನಿಯವರ ಟವೆಲ್. ನಲವತ್ತು ವರ್ಷ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಜೀವ ಅದು. ವಾರ್ತೆ ಕೇಳಲು ಈ ಸೀಟನ್ನೂ ಹಿಡಿದಿಟ್ಟು, ಮೊಬೈಲು ಮನೆಯಲ್ಲೇ ಬಿಟ್ಟು, ವಾಕಿಂಗ್ ಹೋಗಿದ್ದರು.

ಸರ್ವಮಂಗಳಾ ಟವೆಲ್ ಎತ್ತಿ ಮೈದುನನ ಕೈಗೆ ತುರುಕಿ ಮಗಳನ್ನು ಕೂರಿಸಿದಳು.

"ರುದ್ರಮುನಿಯವರು ಇನ್ನೂ ಬಿಟ್ಟುಕೊಟ್ಟಿಲ್ಲ."

"ಕಾಕಾ, ಏಳು ಜನ್ಮಕ್ಕಾಗುವಷ್ಟು ಪುಣ್ಯ ಬರುತ್ತೆ, ಏನಾದರೂ ಮಾಡು."

"ರೂಟ್ ನಾನಿದೀನಲ್ಲ," ಎಂದು ಪಂಪಾಪತಿ ಅವಳನ್ನೆಬ್ಬಿಸಿ ತಾನೇ ಕೂತ.

"ತಾವು ಯಾರೋ ಗೊತ್ತಾಗಲಿಲ್ಲ," ಎಂದಿತು ಡಬ್ಬಿ.

"ತಲೆಗೇನು ಹಚ್ಚಿದೀಯ?" ಎಂದಳು ಸರ್ವಮಂಗಳಾ.

"ಹೊಸ ಎಣ್ಣೆ ಅತ್ತಿಗೆ. ಕೂದಲು ಉದುರ್ತಿತ್ತು..."

"ಉದುರಲಿ ಬಿಡಪ್ಪ, ಮಗುವಿನ ಒಂದು ವರ್ಷ ಉದುರುತ್ತಲ್ಲ."

ಬೆವೆತುಹೋದ ಪಂಪಾಪತಿ ಕೈಯಲ್ಲಿದ್ದ ಟವೆಲಿನಿಂದ ಮುಖ, ಕತ್ತು, ಕಂಕುಳು ಎಲ್ಲ ಒರೆಸಿಕೊಂಡು, ಎದ್ದು ಅದನ್ನು ಕುರ್ಚಿಗೆಸೆದ.

"ರೂಟ್ ಬಂದರು," ಎಂದಿತು ಡಬ್ಬಿ ವಿನಯದಿಂದ. "ಇನ್ನು ಎಲ್ಲವೂ ತಮ್ಮದೇ."

ಮೂವರೂ ಟವೆಲನ್ನೇ ನೋಡಿದರು. ಮೊದಲು ಎಚ್ಚೆತ್ತವಳು ಚಿನ್ಮಯಿ. ಮೂಗು ಹಿಡಿದುಕೊಂಡು ಟವೆಲ್ ಹೊದ್ದು ಕೂತಳು, ಪ್ರಿಂಟ್ ಒತ್ತಿದಳು. ಹಾಲ್ ಟಿಕೆಟ್ ಹೊರಬಿತ್ತು. ಅದನ್ನು ಕಸಿದು, ಚೀಲ ಏರಿಸಿ, ಹೊದ್ದ ಟವೆಲಿನ ಸಮೇತ ಬಸ್ಸಿಗೆ ಓಡಿದಳು.

ಹಿಂದೆಯೇ ಕಂಪ್ಯೂಟರ್ ಪರದೆ ಕಪ್ಪಾಯಿತು. "ರೂಟ್ ಹೊರಗೆ ಹೋಗಿದ್ದಾರೆ. ಬರುವವರೆಗೆ ಯಾರೂ ಏನೂ ಮುಟ್ಟಬಾರದು."

ಪಂಪಾಪತಿ ಸ್ನಾನ ಮಾಡಿ ಬಂದ, ಎಣ್ಣೆ ಹೋಗಲಿಲ್ಲ. ಬನಿಯನ್ ಬಿಚ್ಚಿ ಕುರ್ಚಿಗೆ ಹಾಸಿದ. "ನಕಲಿ," ಎಂದಿತು ಡಬ್ಬಿ.

ಅಷ್ಟರಲ್ಲಿ ಮಾವ ಬಂದರು. "ವಾರ್ತೆ ಹೊತ್ತಾಯ್ತು. ಎಲ್ಲಮ್ಮ ನನ್ನ ಟವೆಲ್?"

ಸರ್ವಮಂಗಳಾ ಸೀದ ರೊಟ್ಟಿಯನ್ನು ಹಂಚಿನಿಂದ ಕೆರೆದಳು.

"ಪರೀಕ್ಷೆಗೆ ಹೋಗಿದೆ ಮಾವಾರೆ. ಒಂದು ಗಂಟೆಗೆ ಬರುತ್ತೆ."